ಹಾಳೆಗೆ ಹನ್ನೊಂದು ಪೈಸೆ

ಗುಬ್ಬಿ ಪಟ್ಟಣದಲ್ಲಿ ಶಾಲೆಗೆ ಹೋಗದೆ ಮನೆಯಲ್ಲೇ ಕಲಿಯುವ ಮಕ್ಕಳ ಸಂಖ್ಯೆ ಹೋದ ಜೂನ್ ತಿಂಗಳಲ್ಲಿ ಒಂದು. ಆ ಒಂದು, ರಂಗನಾಥ್ ಮತ್ತು ಪ್ರಮೀಳಾ ದಂಪತಿಯ ಮಗಳು, ಎಂಟು ವರ್ಷದ ಭೂಮಿಕಾ.

ಐವತ್ತನಾಲ್ಕು ಮಕ್ಕಳಿದ್ದ ತರಗತಿಯಲ್ಲಿ ಭೂಮಿಕಾಳ ದನಿಯನ್ನು ಎರಡು ವರ್ಷ ಯಾರೂ ಕೇಳಿರಲಿಲ್ಲ. ಪ್ರಗತಿಪತ್ರದಲ್ಲಿ ‘ನಡತೆ: ಅತ್ಯುತ್ತಮ’ ಎಂದು ಬರೆದಿದ್ದರು. ಮನೆಯಲ್ಲಿ ಮಾತ್ರ, ಅಮ್ಮ ಅವರೆಕಾಯಿ ಬಿಡಿಸಲು ಕೂತರೆ ಕಾಯಿ ಮುಗಿಯುತ್ತಿತ್ತೇ ಹೊರತು ಇವಳ ಮಾತು ಮುಗಿಯುತ್ತಿರಲಿಲ್ಲ. ಬಿ.ಎಡ್. ಮಾಡಿ ಕೆಲಸ ಸಿಗದೆ ಮನೆಯಲ್ಲಿದ್ದ ಪ್ರಮೀಳಾ ಇದನ್ನು ನೋಡಿ ನೋಡಿ, ಮಗಳನ್ನು ಶಾಲೆ ಬಿಡಿಸಿ ಪಕ್ಕದಲ್ಲಿ ಕೂರಿಸಿಕೊಂಡಳು. ಅವಳಿಗೆ ಬೇಕಾಗಿದ್ದುದು ಇಷ್ಟೇ, ಮಗು ತನ್ನ ಪಕ್ಕದಲ್ಲೇ ಮಾತಾಡುತ್ತಾ ಕಲಿಯಲಿ.

ಕಲಿಸಲು ದಿನಕ್ಕೆ ಹತ್ತು ವರ್ಕ್‌ಶೀಟ್ ಬೇಕಾಗುತ್ತಿತ್ತು. ಅವನ್ನು ಮೊಬೈಲಿನಿಂದ ಬಸ್‌ಸ್ಟ್ಯಾಂಡ್ ಪಕ್ಕದ ಜೆರಾಕ್ಸ್ ಅಂಗಡಿಯ ಅಂಜನಮೂರ್ತಿಗೆ ಕಳಿಸಿದರೆ, ಹಾಳೆಗೆ ಮೂರು ರೂಪಾಯಿಯಂತೆ ಹೊಡೆದುಕೊಡುತ್ತಿದ್ದ. ದಿನಕ್ಕೆ ಮೂವತ್ತು ರೂಪಾಯಿ. ಒಂದು ಭಾನುವಾರ ಪ್ರಮೀಳಾ ಗಂಡನಿಗೆ, “ರೀ, ಒಂದು ಸಣ್ಣ ಪ್ರಿಂಟರ್ ತಗೊಂಡ್ರೆ ಉಳಿತಾಯ ಆಗಲ್ವಾ?” ಅಂದಳು.

ಅವಳು ಮಾಡಿದ ತಪ್ಪು ಅದೊಂದೇ.

ರಂಗನಾಥ್ ತುಮಕೂರಿನ ಒಂದು ಸರ್ಕಾರಿ ಕಚೇರಿಯಲ್ಲಿ ಉಗ್ರಾಣ ವಿಭಾಗದ ಪ್ರಥಮ ದರ್ಜೆ ಸಹಾಯಕ. ಇಪ್ಪತ್ತೊಂದು ವರ್ಷದ ಸೇವೆಯಲ್ಲಿ ಮೂರು ಕೊಟೇಶನ್ ಇಲ್ಲದೆ ಒಂದು ಗುಂಡುಸೂಜಿ ಖರೀದಿಸಿದವನಲ್ಲ. ಅಂದೇ ಸಂಜೆ ‘ಗೃಹೋಪಯೋಗಿ ಮುದ್ರಣಯಂತ್ರ ಖರೀದಿ ಸಮಿತಿ’ ರಚನೆಯಾಯಿತು. ಅಧ್ಯಕ್ಷ, ರಂಗನಾಥ್. ಹಿರಿಯ ನಾಗರಿಕರ ಪರವಾಗಿ ಸದಸ್ಯೆ, ಅವನ ತಾಯಿ ಸಿದ್ದಲಕ್ಷ್ಮಮ್ಮ. ತಾಂತ್ರಿಕ ಪರಿಣತ, ಅಂಜನಮೂರ್ತಿ. ಯಂತ್ರವನ್ನು ಬಳಸುವವಳೇ ಪ್ರಮೀಳಾ ಆದ್ದರಿಂದ, ನಿಷ್ಪಕ್ಷಪಾತದ ದೃಷ್ಟಿಯಿಂದ ಅವಳನ್ನು ಸಮಿತಿಯಿಂದ ಹೊರಗಿಡಲಾಯಿತು. ಕಾಫಿ ತರಲು ಒಳಗೆ ಬರಬಹುದಿತ್ತು.

“ನೀನ್ಯಾಕಪ್ಪ ಇಲ್ಲಿ ಕೂತಿದೀಯ? ಇವ್ರು ಮಿಸನ್ ತಗೊಂಡ್ರೆ ನಿನ್ನ ಯಾಪಾರ ಹೋಯ್ತದಲ್ಲ” ಎಂದು ಸಿದ್ದಲಕ್ಷ್ಮಮ್ಮ ಅಂಜನಮೂರ್ತಿಯನ್ನು ಕೇಳಿದಳು.

“ಹೋಗ್ಲಿ ಬುಡಜ್ಜಿ. ಮನೇಗೆ ಪ್ರಿಂಟರ್ ತಗೊಂಡೋರು ಎಲ್ಲೋಯ್ತಾರೆ, ಮೂರು ತಿಂಗ್ಳಿಗೆ ನನ್ನ ಹತ್ರಾನೇ ಬತ್ತಾರೆ.”

ಈ ಹೇಳಿಕೆಯನ್ನು ಅನುಭವದ ಪ್ರಮಾಣಪತ್ರವೆಂದು ನಡಾವಳಿಯಲ್ಲಿ ದಾಖಲಿಸಲಾಯಿತು.

ತುಮಕೂರಿನ ಮೂರು ಅಂಗಡಿಗಳಿಂದ ಕೊಟೇಶನ್ ಬಂದವು. ಮೊದಲನೆಯ ಪ್ರಿಂಟರ್ ಬೆಲೆ ಕಮ್ಮಿ, ಆದರೆ ಅದರ ಇಂಕಿನ ಡಬ್ಬಿಯ ಬೆಲೆ ಹೆಚ್ಚುಕಮ್ಮಿ ಪ್ರಿಂಟರಿನಷ್ಟೇ. ಎರಡನೆಯದು ಆನ್ ಮಾಡಿದರೆ ಅಡುಗೆಮನೆಯ ಲೈಟ್ ಮಂಕಾಗುತ್ತದೆ ಎಂದು ಅಂಜನಮೂರ್ತಿ ವರದಿ ಕೊಟ್ಟ. ಮೂರನೆಯದು ಇಂಕ್ ಸುರಿಯುವ ತೊಟ್ಟಿಯಿದ್ದದ್ದು, ಹದಿನಾಲ್ಕು ಸಾವಿರ. ಅದರ ಪೆಟ್ಟಿಗೆಯ ಮೇಲೆ ದಪ್ಪ ಅಕ್ಷರದಲ್ಲಿ ‘ಹಾಳೆಗೆ ಕೇವಲ ಹನ್ನೊಂದು ಪೈಸೆ’ ಎಂದಿತ್ತು. ರಂಗನಾಥ್ ಆ ಸಾಲನ್ನು ಎರಡು ಸಲ ಓದಿ ಕನ್ನಡಕ ಒರೆಸಿಕೊಂಡ. ಸೆಪ್ಟೆಂಬರಿನಲ್ಲಿ ಯಂತ್ರ ಮನೆಗೆ ಬಂತು. ಹಾಲ್‌ನಲ್ಲಿ ಅದಕ್ಕೆ ಕುಂಕುಮ ಇಟ್ಟರು, ಟೀವಿಯನ್ನು ಕೋಣೆಗೆ ಸರಿಸಿದರು.

ಅಕ್ಟೋಬರಿನಲ್ಲಿ ಅಂಜನಮೂರ್ತಿ ಪೆಟ್ಟಿಗೆಯ ತಳದ ಸಣ್ಣಕ್ಷರಗಳನ್ನು ಓದಿದ.

“ಸಾರ್, ಇದು ತಿಂಗ್ಳಿಗೆ ಸಾವಿರ ಹಾಳೆ ಹೊಡೆಯೋರಿಗೆ ಅಂತೆ. ಕಮ್ಮಿ ಹೊಡೆದ್ರೆ ಇಂಕ್ ಒಣಗಿ ಹೆಡ್ ಕಟ್ಕೊಳುತ್ತೆ.”

ಭೂಮಿಕಾ ಮುಗಿಸುತ್ತಿದ್ದುದು ತಿಂಗಳಿಗೆ ಮುನ್ನೂರು. ರಂಗನಾಥ್ ಯಂತ್ರದ ಬೆಲೆಯನ್ನು ಒಂದು ವರ್ಷದ ಹಾಳೆಗಳಿಗೆ ಹಂಚಿ ನೋಡಿದ. ಹಾಳೆಗೆ ಹತ್ತಿರಹತ್ತಿರ ನಾಲ್ಕು ರೂಪಾಯಿ ಬಂತು. ಜೆರಾಕ್ಸ್ ಅಂಗಡಿಗಿಂತ ಒಂದು ರೂಪಾಯಿ ಜಾಸ್ತಿ. ಬೇರೆಯವರಾಗಿದ್ದರೆ ಯಂತ್ರ ದುಬಾರಿಯಾಯಿತು ಎನ್ನುತ್ತಿದ್ದರು. ಅವನು ಉಗ್ರಾಣದ ಮನುಷ್ಯ. ಖರೀದಿ ಸರಿಯಾಗಿಯೇ ಇದೆ, ಬಳಕೆಯಲ್ಲಿ ಕೊರತೆ ಇದೆ ಎಂದು ಷರಾ ಬರೆದ.

“ಇನ್ಮೇಲೆ ಇವಳು ದಿನಕ್ಕೆ ಮೂವತ್ಮೂರು ಮಾಡ್ಲಿ.”

“ಅವಳಿಗೆ ಎಂಟು ವರ್ಷ ಕಣ್ರೀ.”

“ಅದಕ್ಕೇ ಹೇಳಿದ್ದು. ಹತ್ತು ವರ್ಷ ಆಗಿದ್ರೆ ನಲವತ್ತು ಹೇಳ್ತಿದ್ದೆ.”

ಪ್ರಮೀಳಾ ಒಪ್ಪಲಿಲ್ಲ. ಆದ್ದರಿಂದ ಕೊರತೆಯ ಒಂದು ಭಾಗವನ್ನು ಸಿದ್ದಲಕ್ಷ್ಮಮ್ಮನಿಗೆ ಹಂಚಿಕೆ ಮಾಡಲಾಯಿತು. ಮುದುಕಿ ಚುಕ್ಕಿ ಸೇರಿಸಿ ಆನೆ ಬರೆಯುವುದರಲ್ಲಿ ಉತ್ತಮ ಪ್ರಗತಿ ತೋರಿಸಿದಳು. ಕಳೆಯುವ ಲೆಕ್ಕಕ್ಕೆ ಬಂದಾಗ ಪೆನ್ಸಿಲ್ ಕೆಳಗಿಟ್ಟು, “ಇರೋದ್ನ ಯಾಕ್ಲಾ ರಂಗ ಕಳೀಬೇಕು? ನಾನು ಕೂಡೋದು ಮಾತ್ರ ಮಾಡ್ತೀನಿ” ಎಂದಳು. ಸಾವಿರ ತುಂಬಲಿಲ್ಲ.

ಆಗ ಪ್ರಕಟಣೆ ಹೊರಟಿತು. ಇನ್ನೂರು ಪ್ರತಿ ಮನೆಯಲ್ಲೇ ಮುದ್ರಿಸಿದ್ದರಿಂದ ಆ ತಿಂಗಳ ಸರಾಸರಿಯೂ ಸುಧಾರಿಸಿತು.

‘ಸಾರ್ವಜನಿಕರ ಗಮನಕ್ಕೆ. ಮಕ್ಕಳಿಗೆ ಮನೆಯಲ್ಲೇ ಕಲಿಸಲಿಚ್ಛಿಸುವ ಪೋಷಕರು ತಮ್ಮ ಮಕ್ಕಳನ್ನು ಈ ಕೆಳಕಂಡ ಮನೆಗೆ ಕಳುಹಿಸತಕ್ಕದ್ದು.’

ಹನ್ನೊಂದು ಮಕ್ಕಳು ಸೇರಿದರು. ಪಟ್ಟಣದವರು ಏಳು, ಹತ್ತಿರದ ನಿಟ್ಟೂರಿನವರು ನಾಲ್ಕು. ಮೊದಮೊದಲು ಅವರು ಹಾಳೆ ಪಡೆದು ತಮ್ಮ ಮನೆಗಳಿಗೆ ಒಯ್ಯುತ್ತಿದ್ದರು. ಒಯ್ದ ಹಾಳೆಗಳಲ್ಲಿ ಕೆಲವು ದೋಣಿಯಾದವು, ಕೆಲವು ಒಬ್ಬಟ್ಟಿನ ಕೆಳಗೆ ಹೋದವು. ಬಳಕೆ ಪ್ರಮಾಣಪತ್ರ ಬರೆಯುವುದು ಕಷ್ಟವಾಯಿತು. ಹಾಗಾಗಿ ಹಾಳೆಯನ್ನು ಯಂತ್ರದ ಎದುರಿಗೇ ತುಂಬಿ ಹಿಂದಿರುಗಿಸತಕ್ಕದ್ದು ಎಂದಾಯಿತು. ಎದುರಿಗೆ ಕೂರಲು ಬೆಂಚು ಬಂದವು. ಎಲ್ಲರೂ ಒಟ್ಟಿಗೆ ಕೂರಬೇಕಾದ್ದರಿಂದ ಒಂಬತ್ತೂವರೆಗೆ ಗಂಟೆ ಹೊಡೆಯಬೇಕಾಯಿತು. ಇಂಕ್ ಅಂಗಿಗೆ ಹತ್ತುತ್ತದೆ ಎಂದು ಒಬ್ಬ ತಾಯಿ ದೂರಿದಳು. ಇಂಕಿನ ಬಣ್ಣದ್ದೇ ಸಮವಸ್ತ್ರ ನಿಗದಿಯಾಯಿತು. ಬಾರದ ಮಗುವಿನ ಹಾಳೆ ವ್ಯರ್ಥವಾಗುವುದರಿಂದ ರಜಾ ಅರ್ಜಿ ಕಡ್ಡಾಯವಾಯಿತು, ಅರ್ಜಿಯ ನಮೂನೆಯನ್ನು ಯಂತ್ರದಲ್ಲೇ ಮುದ್ರಿಸಿ ಪಡೆಯಬೇಕು. ಹೆಡ್ ಕಟ್ಟಿಕೊಂಡ ದಿನಗಳಲ್ಲಿ ಅಂಜನಮೂರ್ತಿ ಬಂದು ರಿಪೇರಿ ಮಾಡುತ್ತಿದ್ದ. ಅಲ್ಲಿಯವರೆಗೆ ವರ್ಕ್‌ಶೀಟುಗಳು ಅವನ ಅಂಗಡಿಯಲ್ಲಿ, ಹಾಳೆಗೆ ಮೂರು ರೂಪಾಯಿಯಂತೆ.

ನಿಟ್ಟೂರಿನ ಮಕ್ಕಳಿಗಾಗಿ ಅಡವಿಯಪ್ಪನ ವ್ಯಾನ್ ಗೊತ್ತುಮಾಡಿದರು. ಪಟ್ಟಣದ ಪೋಷಕರು ತಮಗೂ ಬೇಕೆಂದರು.

“ಹನ್ನೆರಡು ಸೀಟು ತುಂಬಿದ್ರೆ ಗಾಡಿ ತೆಗೀತೀನಿ ಸಾರ್. ಹನ್ನೊಂದಕ್ಕೆ ಗಿಟ್ಟಲ್ಲ” ಎಂದ ಅಡವಿಯಪ್ಪ.

ಸಮಿತಿಯ ದೃಷ್ಟಿ ಭೂಮಿಕಾಳ ಮೇಲೆ ಬಿತ್ತು.

ಅಂದಿನಿಂದ ಅವಳು ಬೆಳಿಗ್ಗೆ ಎಂಟು ಹತ್ತಕ್ಕೆ ಮನೆ ಗೇಟಿನಲ್ಲಿ ವ್ಯಾನ್ ಹತ್ತಿ, ನಿಟ್ಟೂರಿಗೆ ಹೋಗಿ, ಮಕ್ಕಳನ್ನು ತುಂಬಿಸಿಕೊಂಡು, ಒಂಬತ್ತು ಕಾಲಿಗೆ ಅದೇ ಗೇಟಿನಲ್ಲಿ ಇಳಿಯತೊಡಗಿದಳು. ಸಂಜೆಯೂ ಅದೇ ಸುತ್ತು. ಪ್ರಮೀಳಾ ಟಾಟಾ ಮಾಡಿ ಗೇಟು ಹಾಕಿ, ಸೀರೆ ಬದಲಿಸಿ, ಮತ್ತೆ ಗೇಟು ತೆಗೆದು ಗುಡ್ ಮಾರ್ನಿಂಗ್ ಹೇಳಬೇಕಿತ್ತು.

“ಹತ್ತಿದ ಬಾಗ್ಲಲ್ಲೇ ಇಳೀತದಲ್ಲೋ ಮಗ” ಎಂದಳು ಸಿದ್ದಲಕ್ಷ್ಮಮ್ಮ.

“ಹೌದಮ್ಮ. ಕಿಲೋಮೀಟರ್ ಲೆಕ್ಕ ಹಾಕಿದ್ರೆ ಅದೇ ದುಡ್ಡಿಗೆ ನಮ್ಮ ಮಗೂಗೇ ಜಾಸ್ತಿ ಸಿಗ್ತಿದೆ.”

ಜನವರಿಯಲ್ಲಿ ಮೋನಿಕಾ ಎಂಬ ಹುಡುಗಿಯ ಪೋಷಕರು ಲಿಖಿತ ಆಕ್ಷೇಪಣೆ ಸಲ್ಲಿಸಿದರು. ಹನ್ನೆರಡು ಮಕ್ಕಳಲ್ಲಿ ಒಬ್ಬಳಿಗೆ ಮಾತ್ರ ತಾಯಿ ಜೊತೆಯಲ್ಲಿರುವುದು ಉಳಿದವರಿಗೆ ಮಾಡುವ ಅನ್ಯಾಯ ಎಂಬುದು ಅದರ ಸಾರಾಂಶ. ರಂಗನಾಥ್ ಅದನ್ನು ಪರಿಶೀಲಿಸಿ, ನ್ಯಾಯಯುತವಾಗಿದೆ ಎಂದು ಕಂಡು, ಗೋಡೆಗೆ ಅಂಟಿಸಿದ್ದ ನಿಯಮಾವಳಿಗೆ ಒಂಬತ್ತನೇ ನಿಯಮ ಸೇರಿಸಿದ. ‘ಕಲಿಕೆಯ ಅವಧಿಯಲ್ಲಿ ಯಾವುದೇ ಮಗು ಶಿಕ್ಷಕಿಯನ್ನು ಅಮ್ಮ ಎಂದು ಕರೆಯತಕ್ಕದ್ದಲ್ಲ. ಪೋಷಕರ ಭೇಟಿಗೆ ಸಂಜೆ ವ್ಯಾನಿನಿಂದ ಇಳಿದ ನಂತರವೇ ಅವಕಾಶ.’

ಆ ರಾತ್ರಿ ಊಟದ ಹೊತ್ತಿಗೆ ಪ್ರಮೀಳಾ ತಟ್ಟೆ ಮುಂದಿಟ್ಟು ನಿಂತಳು.

“ರೀ, ಭೂಮಿನ ಬಿಡಿಸ್ಬಿಡೋಣ.”

“ಕಾರಣ?”

“ಮನೇಲಿ ಕೂರಿಸ್ಕೊಂಡು ಓದಿಸ್ತೀನಿ.”

“ಈಗ ಎಲ್ಲಿ ಓದ್ತಾ ಇದಾಳೆ?”

ಪ್ರಮೀಳಾ ಹಾಲ್ ನೋಡಿದಳು. ಬೆಂಚು, ಗಂಟೆ, ಮೂಲೆಯಲ್ಲಿ ಬಟ್ಟೆ ಹೊದಿಸಿದ್ದ ಯಂತ್ರ. ಮನೆಯೇ ಆಗಿತ್ತು.

“ಅವಳು ಮಾತು ಕಮ್ಮಿ ಮಾಡಿದಾಳೆ ಕಣ್ರೀ.”

“ಮಾತಾಡದೇ ಇದ್ದಿದ್ದಕ್ಕೇ ಹಾಳೆ ಬೇಗ ಬೇಗ ಮುಗೀತಿದೆ. ಹತ್ತೊಂಬತ್ತು ಪೈಸೆಗೆ ಬಂದಿದೀವಿ ಪ್ರಮೀಳಾ. ಇನ್ನು ಎಂಟು ಪೈಸೆ. ಈಗ ಒಂದು ಮಗು ಬಿಟ್ರೆ ರೇಟು ಎಲ್ಲಿಗೆ ಹೋಗುತ್ತೆ ಅಂತ ಗೊತ್ತಾ?”

ಎಲ್ಲಿಗೆ ಹೋಗುತ್ತದೆ ಎಂದು ಅವನೇ ಚೀಟಿಯಲ್ಲಿ ಲೆಕ್ಕ ಹಾಕಿ ತೋರಿಸಿದ. ವ್ಯಾನೂ ನಿಲ್ಲುತ್ತಿತ್ತು. ವ್ಯಾನ್ ನಿಂತರೆ ನಿಟ್ಟೂರಿನ ನಾಲ್ವರು, ಆಮೇಲೆ ಪಟ್ಟಣದ ಏಳು. ಕೊನೆಗೆ ಇಂಕ್ ಒಣಗುತ್ತಿತ್ತು. ಅಷ್ಟೆಲ್ಲ ಆಗುವುದಕ್ಕೆ ತಾನು ಕಾರಣಳಾಗುವುದು ಪ್ರಮೀಳಾಗೂ ಸರಿ ಕಾಣಲಿಲ್ಲ. ಅವನ ತಟ್ಟೆಗೆ ಇನ್ನೊಂದು ಮುದ್ದೆ ಹಾಕಿದಳು.

ಮಾರನೆಯ ವಾರ, ಭಾಗಾಕಾರದ ಹಾಳೆಗಳು ನಡೆಯುತ್ತಿದ್ದಾಗ ಭೂಮಿಕಾ ಎದ್ದು ಮೇಜಿನ ಹತ್ತಿರ ಬಂದು ನಿಂತಳು. ಏನು ಎಂದು ಕೇಳುವವರೆಗೂ ಬಾಯಿ ಬಿಡಲಿಲ್ಲ.

“ಮಿಸ್, ನಮ್ಮಮ್ಮಂಗೆ ಒಂದು ವಿಷ್ಯ ಹೇಳ್ಬೇಕು.”

ಹನ್ನೊಂದು ಮಕ್ಕಳು ತಲೆಯೆತ್ತಿ ನೋಡುತ್ತಿದ್ದರು. ಪ್ರಮೀಳಾ ಗೋಡೆಯ ಮೇಲಿನ ನಿಯಮಾವಳಿ ನೋಡಿದಳು. ಗಡಿಯಾರ ನೋಡಿದಳು. ಹನ್ನೊಂದು ಇಪ್ಪತ್ತು.

“ಸಂಜೆ ಸಿಗ್ತಾರೆ ಪುಟ್ಟ. ವ್ಯಾನ್ ಇಳಿದ್ಮೇಲೆ.”

ಭೂಮಿಕಾ ತಲೆಯಾಡಿಸಿ ಬೆಂಚಿಗೆ ಹಿಂದಿರುಗಿದಳು. ಮೋನಿಕಾ ಸ್ವಲ್ಪ ಸರಿದು ಜಾಗ ಕೊಟ್ಟು, ಅವಳ ಹಾಳೆಯನ್ನು ನೇರ ಮಾಡಿ ಇಟ್ಟಳು.

“ನಮ್ಮಮ್ಮನೂ ಸಂಜೇಗೇ ಕಣೇ ಸಿಗೋದು. ಮೊದ್ಲು ಒಂಥರಾ ಆಗುತ್ತೆ, ಆಮೇಲೆ ಏನೂ ಅನ್ಸಲ್ಲ.”