ಸಿದ್ರಾಮಪ್ಪನ ಮನೆಯ ಹಳದಿ ಬಣ್ಣ

ಸಾಸವಡ ರಸ್ತೆಯ ಸಿದ್ರಾಮಪ್ಪನ ಮನೆಯ ಮಹಡಿ ಎಂಟು ತಿಂಗಳಿಂದ ಖಾಲಿ ಬಿದ್ದಿತ್ತು. ಬಾಡಿಗೆ ಬಂದರೆ ಬೇಡ ಎನ್ನುವವನಲ್ಲ ಅವನು. ಆದರೆ ಅವನ ನಿಜವಾದ ಸಂಕಟ ಹೆಂಡತಿ ರುದ್ರವ್ವ. ಅವಳಿಗೆ ಮರಾಠಿ ಬಾರದು, ಓಣಿಯಲ್ಲಿ ಕನ್ನಡದ ಹೆಂಗಸರಿಲ್ಲ. ಮಾತಾಡಲು ಯಾರೂ ಇಲ್ಲದೆ ಪಾಪ, ಬೆಕ್ಕಿಗೆ ಊರ ಸುದ್ದಿ ಹೇಳುತ್ತಿದ್ದಳು. ಮಹಡಿಗೆ ಕನ್ನಡದವರೇ ಬರಬೇಕೆಂದು ಸಿದ್ರಾಮಪ್ಪ ಹಟ ಹಿಡಿದಿದ್ದ.

ಕೊನೆಗೂ ಒಬ್ಬರು ಸಿಕ್ಕರು. ರಾಂಜಣಗಾಂವದ ಕಾರ್ಖಾನೆಯ ಚನ್ನವೀರ, ಹೊಸದಾಗಿ ಮದುವೆಯಾದವನು. ಭಾನುವಾರ ಸಂಜೆ ನಾಲ್ಕಕ್ಕೆ ಹೆಂಡತಿಯೊಂದಿಗೆ ಮನೆ ನೋಡಲು ಬರುತ್ತೇನೆಂದ.

"ಗೋಡಿ ಮ್ಯಾಲಿನ ಪಾಚಿ ನೋಡಿದ್ರ ಗೇಟಿನಿಂದನ ವಾಪಸ್ ಹೋಗ್ತಾರ್ರೀ," ಎಂದಳು ರುದ್ರವ್ವ.

ಭಾನುವಾರ ಬೆಳಿಗ್ಗೆ ಆರಕ್ಕೇ ಸಿದ್ರಾಮಪ್ಪ ಏಣಿ ಹತ್ತಿದ. ಮೂಲೆಯ ಹೋಟೆಲಿನ ಸುಂದರ ತನ್ನ ಹೋಟೆಲಿಗೆ ಬಳಿದು ಉಳಿದ ಹಳದಿ ಬಣ್ಣವನ್ನು ಪುಕ್ಕಟೆ ಕೊಟ್ಟಿದ್ದ. "ತಕೊಳ್ಳಿ ಮಾರಾಯ್ರೆ, ನನಗೆ ಇನ್ನೆಂತಕ್ಕೆ?" ಎದುರುಮನೆಯ ಕೃಷ್ಣಾಜಿ ಕುರ್ಚಿ ಹಾಕಿ ಕೂತು, "ಎಡಕ್ಕೆ ಇನ್ನೊಂದು ಕೈ! ನನಗೆ ಇಲ್ಲಿಂದ ಎಲ್ಲಾ ಕಾಣ್ತದೆ!" ಎಂದು ಮರಾಠಿಯಲ್ಲಿ ಅಪ್ಪಣೆ ಕೊಡತೊಡಗಿದರು. ಅವರ ಮಹಡಿಯೂ ಖಾಲಿಯೇ, ಗೋಡೆಯ ಪಾಚಿಯೂ ಹಾಗೇ. ಆದರೆ ಬಣ್ಣಕ್ಕೆಂದು ಕಾಸು ಬಿಚ್ಚುವ ಆಸಾಮಿಯಲ್ಲ.

ಹತ್ತು ಗಂಟೆಗೆ ಮೂವರು ಕೂಲಿಗಳು ಬಂದು ಕಟ್ಟೆಯ ಮೇಲೆ ಕೂತು ಇಡ್ಲಿ, ಚಹಾ ಕೇಳಿದರು. ಆ ಹಳದಿ ಅಪ್ಪಟ ಹೋಟೆಲಿನ ಹಳದಿ! ಸಿದ್ರಾಮಪ್ಪ ಏಣಿಯ ಮೇಲಿಂದ ಕೈ ಬೀಸಿ ಬೇಡವೆನ್ನುವಷ್ಟರಲ್ಲಿ ರುದ್ರವ್ವ ಮೂರು ತಾಟು ಉಪ್ಪಿಟ್ಟು ತಂದಿಟ್ಟಳು. ಮನೆಗೆ ಮಂದಿ ಬಂದದ್ದೇ ಅವಳಿಗೆ ಹಬ್ಬ. ತಿಂದವರು ಹಣ ಕೊಡಹೋದರೆ ಬೇಡವೆಂದಳು. ನಾಚಿಕೊಂಡ ಕೂಲಿಗಳು ಏಣಿ ಹತ್ತಿ ಉಳಿದ ಗೋಡೆಯನ್ನೆಲ್ಲ ತಾವೇ ಬಳಿದರು. ನನಗಾಗಿ ಎಷ್ಟು ಜನ ದುಡಿದರಪ್ಪಾ ಎಂದು ಸಿದ್ರಾಮಪ್ಪನ ಕಣ್ಣು ತುಂಬಿ ಬಂತು.

ನಾಲ್ಕಕ್ಕೆ ಚನ್ನವೀರ ದಂಪತಿಗಳು ಬಂದರು. "ಅಯ್ಯ, ಎಷ್ಟ್ ಚಂದ ಮನೀರೀ!" ಎಂದು ಅವನ ಹೆಂಡತಿ ತ್ರಿವೇಣಿ ಗೇಟಿನಲ್ಲೇ ನಿಂತಳು. ಅವಳೂ ರುದ್ರವ್ವನೂ ಐದೇ ನಿಮಿಷದಲ್ಲಿ ಅಕ್ಕ-ತಂಗಿಯರಾದರು. ಗಂಡ ಹೆಂಡತಿ ಮಹಡಿ ನೋಡಿದರು, ಕಿಟಕಿಯಲ್ಲಿ ನಿಂತು ಏನೋ ಪಿಸುಗುಟ್ಟಿದರು, ರಸ್ತೆ ದಾಟಿ ಎಲ್ಲಿಗೋ ಹೋಗಿ, ಅರ್ಧ ಗಂಟೆಗೆ ಪೇಡೆ ಹಿಡಿದು ಬಂದರು.

"ನಿಮ್ಮ ಉಪಕಾರ ಮರಿಯಾಂಗಿಲ್ರಿ ಕಾಕಾ," ಎಂದು ಚನ್ನವೀರ ಕಾಲಿಗೆರಗಿದ. "ಕೃಷ್ಣಾಜಿಯವರ ಮ್ಯಾಲಿನ ಮನಿ ಹಿಡದ್ವಿ."

"ಆಂ? ನಮ್ಮನಿಗೆ ಏನಾಗೇದಪಾ?"

"ಇಲ್ಲಿದ್ರ ಅವರ ಪಾಚಿ ಗೋಡಿ ನೋಡ್ಕೋತ ಕೂಡಬೇಕಲ್ರಿ," ಎಂದಳು ತ್ರಿವೇಣಿ. "ಅಲ್ಲಿದ್ರ ಮುಂಜಾನೆ ಎದ್ದ ಕೂಡಲೇ ನಿಮ್ಮನಿ ಕಾಣ್ತದ!"

ರುದ್ರವ್ವ ಆಗಲೇ ಅರಿಸಿನ ಕುಂಕುಮ ಹಿಡಿದು ತ್ರಿವೇಣಿಯ ಜೊತೆ ಎದುರುಮನೆಗೆ ಹೊರಟಿದ್ದಳು. ಸ್ವಲ್ಪ ಹೊತ್ತಿಗೆ ಅಲ್ಲಿಂದ ಅವಳ ನಗು ಕೇಳಿಸಿತು. ಎಂಟು ತಿಂಗಳಲ್ಲಿ ಅವಳು ಹಾಗೆ ನಕ್ಕಿರಲಿಲ್ಲ. ಮಹಡಿ ಹಾಳಾಗಿ ಹೋಗಲಿ, ದೇವರು ದೊಡ್ಡವನು ಎಂದು ಸಿದ್ರಾಮಪ್ಪ ಮನಸಾರೆ ಕೈ ಮುಗಿದ.

"ಸಿದ್ರಾಮಪ್ಪಾ, ಭಾಳ ಉಪಕಾರ ಆಯ್ತು!" ಎದುರಿನಿಂದ ಕೃಷ್ಣಾಜಿ ಕೂಗಿದರು. "ಆದರೆ ನಿಮ್ಮ ಕಿಟಕಿಗೆ ಬಣ್ಣ ಹಚ್ಚಿಲ್ಲ ನೋಡಿ. ನಮ್ಮ ಬಾಡಿಗೆಯವರಿಗೆ ಮಹಡಿಯಿಂದ ನೋಡಿದರೆ ಚೆನ್ನಾಗಿ ಕಾಣೋದಿಲ್ಲವಂತೆ. ನಾಳೆ ಬೆಳಿಗ್ಗೆಯೇ ಮುಗಿಸಿಬಿಡಿ!"