ಜೂನ್ ಒಂದರಂದೇ ಹುಟ್ಟಿದ ನನ್ನ ಅಕ್ಕನ ವೀಸಾ ಕುರಿತು

ಮಾನ್ಯ ವೀಸಾ ಅಧಿಕಾರಿಗಳೇ,

ತಮಗೂ, ತಮ್ಮ ದೇಶದ ಹಿಮಕ್ಕೂ, ತಮ್ಮ ಕಚೇರಿಯ ದುಂಡನೆಯ ಮೊಹರಿಗೂ ಬೆಳಗಾವಿಯ ನೆಹರು ನಗರದಿಂದ ಗೌರೀಶನ ನಮಸ್ಕಾರಗಳು. ನನ್ನ ಅಕ್ಕ ಮಾಯಕ್ಕನಿಗೆ ಮೂರು ತಿಂಗಳ ಭೇಟಿಗೆ ವೀಸಾ ಕೊಡಲಾಗದೆಂದು ತಾವು ಕಳಿಸಿದ ಪತ್ರ ತಲುಪಿತು. ಕಾಗದ ಬಹಳ ಚೆನ್ನಾಗಿದೆ. ನಮ್ಮ ಮನೆತನದಲ್ಲಿ ಲಗ್ನಪತ್ರಿಕೆಗೂ ಇಷ್ಟು ದಪ್ಪ ಕಾಗದ ಬಳಸಿದ್ದಿಲ್ಲ.

ಅಕ್ಕ ಹೊರಟಿದ್ದು ತಮ್ಮಲ್ಲಿರುವ ಮಗಳು ಮೇಘಾಳ ಬಾಣಂತನಕ್ಕೆ. ಅಕ್ಕ ಖಂಡಿತ ಮರಳಿ ಬರುತ್ತಾಳೆಂದು ನಾನು ಬರೆದುಕೊಟ್ಟ ಪ್ರಮಾಣಪತ್ರದಲ್ಲಿ 'ನನಗಿಂತ ಎರಡು ವರ್ಷ ದೊಡ್ಡವಳಾದ ನನ್ನ ಅಕ್ಕ' ಎಂದಿದೆ. ನಮ್ಮಿಬ್ಬರ ದಾಖಲೆಗಳಲ್ಲೋ ಒಂದೇ ಜೂನ್ ಒಂದು, ಒಂದೇ ಇಸವಿ. ಆದ್ದರಿಂದ ಅವಳು ನನ್ನ ಅಕ್ಕನೇ ಎಂಬುದು ಸಂಶಯಾಸ್ಪದ, ಅವಳು ಮರಳುವುದು ಇನ್ನೂ ಸಂಶಯಾಸ್ಪದ ಎಂದು ತಾವು ತೀರ್ಮಾನಿಸಿದ್ದೀರಿ. ಐವತ್ತೆಂಟು ವರ್ಷಗಳಲ್ಲಿ ನಮ್ಮ ಸಂಬಂಧವನ್ನು ಇಷ್ಟು ಶ್ರದ್ಧೆಯಿಂದ ಯಾರೂ ಓದಿರಲಿಲ್ಲ. ಕೃತಜ್ಞನಾಗಿದ್ದೇನೆ.

ಆದರೆ ಖಾನಾಪುರ ತಾಲೂಕಿನ ನಮ್ಮೂರಲ್ಲಿ ಆಗ ಮಕ್ಕಳು ಹುಟ್ಟುತ್ತಿದ್ದುದು ಮನೆಯಲ್ಲಿ, ಅವರ ಜನ್ಮದಿನ ಹುಟ್ಟುತ್ತಿದ್ದುದು ಸಾಲಿಯಲ್ಲಿ. ಹೆಸರು ಹಚ್ಚಲು ಕರೆದೊಯ್ದ ಅವ್ವ, "ಹುಡುಗಿ ಜ್ವಾಳದ ಸುಗ್ಗ್ಯಾಗ ಹುಟ್ಟೇತ್ರಿ ಮಾಸ್ತರ, ಇಂವ ಎರಡು ವರ್ಷದ ಮ್ಯಾಲ ಹುಟ್ಟ್ಯಾನ್ರಿ" ಎಂದಳಂತೆ. ಹೆಡ್ ಮಾಸ್ತರರು, "ಇಬ್ಬರೂ ಒಂದ ಇಯತ್ತೆದಾಗ ಕುಂದರ್ತಾರವಾ, ತಾರೀಖರ ಯಾಕ ಎರಡು ಬೇಕು?" ಎಂದು ಸಾಲಿ ಶುರುವಾಗುವ ದಿನವನ್ನೇ ಇಬ್ಬರಿಗೂ ದಯಪಾಲಿಸಿದರು. ಅಂದು ಆ ಅಂಗಳದಲ್ಲಿ ಮೂವತ್ತನಾಲ್ಕು ಮಕ್ಕಳು ಒಟ್ಟಿಗೆ ಹುಟ್ಟಿದೆವು. ಒಬ್ಬ ತಾಯಿಗೂ ನೋವಾಗಲಿಲ್ಲ.

ಎರಡು ವರ್ಷ ದೊಡ್ಡವಳು ನನ್ನ ಜೊತೆಗೇ ಒಂದನೇ ಇಯತ್ತೆಗೆ ಏಕೆ ಬಂದಳೆಂದು ತಾವು ಕೇಳಿಲ್ಲ. ಹಳ್ಳ ದಾಟಿ ಹೋಗಬೇಕಿತ್ತು, ನನ್ನ ಕೈ ಹಿಡಿದು ದಾಟಿಸುವವರು ಬೇಕಿತ್ತು. ನಾನು ಸಾಲಿಗೆ ಹೋಗುವಷ್ಟು ದೊಡ್ಡವನಾಗಲೆಂದು ಎರಡು ವರ್ಷ ಅವಳನ್ನು ಮನೆಯಲ್ಲೇ ಕೂಡಿಸಿದ್ದರು. ಪ್ರಮಾಣಪತ್ರ ಬರೆಯುವಾಗ ಆ ಎರಡು ವರ್ಷಗಳನ್ನು ಅವಳಿಗೆ ಒಂದು ಕಡೆಯಾದರೂ ಮರಳಿಸೋಣವೆನಿಸಿತು. ಭಾವುಕತೆಯನ್ನು ದೂರವಿಟ್ಟೇ ಬದುಕಿದವನು ನಾನು. ಒಮ್ಮೆ ತಪ್ಪಿದೆ, ಅದೂ ನೂರು ರೂಪಾಯಿಯ ಛಾಪಾ ಕಾಗದದ ಮೇಲೆ.

ಇನ್ನು ಮರಳುವ ಮಾತು. ತಮ್ಮ ಪತ್ರವನ್ನು ಕನ್ನಡದಲ್ಲಿ ಓದಿ ಹೇಳಿದಾಗ ಅಕ್ಕ, "ಆ ಥಂಡ್ಯಾಗ ಯಾರ ಇರ್ತಾರೋ ತಮ್ಮಾ? ಕೂಸಿಗೆ ಮೂರು ತಿಂಗಳ ನೀರು ಹಾಕಿ ಬಂದಬಿಡ್ತೀನಿ ಅಂತ ಹೇಳು. ನನ್ನ ಎಮ್ಮಿ ಬ್ಯಾರೆಯವರ ಕೈಗೆ ಹಾಲ ಕೊಡಂಗಿಲ್ಲ" ಎಂದಳು. ಇದಕ್ಕಿಂತ ಗಟ್ಟಿಯಾದ ಭದ್ರತೆಯನ್ನು ಯಾವ ಬ್ಯಾಂಕೂ ಕೊಡಲಾರದು. ಎಮ್ಮೆಯ ಹೇಳಿಕೆಯನ್ನು ನೋಟರಿ ದೃಢೀಕರಿಸಲು ಒಪ್ಪದ ಕಾರಣ ಲಗತ್ತಿಸಿಲ್ಲ.

ತಮ್ಮ ಸಂಸತ್ತಿನಲ್ಲಿ ವಲಸೆ ಕಾನೂನಿನ ಸುಧಾರಣೆಯ ಚರ್ಚೆ ನಡೆದಿದೆಯೆಂದು ಮೇಘಾ ತಿಳಿಸಿದಳು. ಯಾರೂ ಕೇಳದಿದ್ದರೂ ನನ್ನ ಸಲಹೆಗಳಿವೆ. ಇಲ್ಲವೆನ್ನುವ ಮೊದಲು ಒಂದೇ ಒಂದು ಪ್ರಶ್ನೆಯನ್ನಾದರೂ ಕೇಳುವ ಸೌಜನ್ಯವಿರಲಿ. ನೋಡಲು ಬಂದವರೆಲ್ಲ ನೆಲೆಸಲು ಬಂದವರೆಂದೂ, ನೆಲೆಸಲು ಬಂದವರೆಲ್ಲ ಕದಿಯಲು ಬಂದವರೆಂದೂ ಬಗೆಯುವುದು ಬೇಡ. ಪ್ರತಿಯೊಬ್ಬ ಅಧಿಕಾರಿಯೂ ವರ್ಷಕ್ಕೊಮ್ಮೆ ಪರದೇಶದ ಕಚೇರಿಯೊಂದರಲ್ಲಿ ನಿಂತು, ತನ್ನ ತಾಯಿ ತನ್ನ ತಾಯಿಯೇ ಎಂದು ಎರಡು ನಿಮಿಷಗಳಲ್ಲಿ ಸಾಬೀತುಪಡಿಸಲಿ. ಅರ್ಜಿದಾರರ ದಿನಗಳೂ ದಿನಗಳೇ ಎಂದು ಎಣಿಸಿ: ಮರುಪರಿಶೀಲನೆಗೆ ಹನ್ನೆರಡು ವಾರ ಬೇಕೆಂದಿದ್ದೀರಿ, ಹೆರಿಗೆಗೆ ಉಳಿದಿರುವುದು ಐದೇ ವಾರ. ಇದಾವುದೂ ಸಾಧ್ಯವಿಲ್ಲವಾದರೆ, ಏಳು ವಾರ ತಡೆದು ಹುಟ್ಟುವಂತೆ ಮಗುವಿಗೇ ಒಂದು ನೋಟೀಸು ಕಳಿಸಿ. ತಮ್ಮ ಮೊಹರು ನೋಡಿದರೆ ಅದು ಅಲ್ಲಾಡಲಿಕ್ಕಿಲ್ಲ.

ತೊಂದರೆ ಕೊಟ್ಟಿದ್ದಕ್ಕೆ ಕ್ಷಮೆ ಕೋರುತ್ತ,

ತಮ್ಮ ವಿಶ್ವಾಸಿ
(ವಿಶ್ವಾಸಕ್ಕೆ ದಾಖಲೆ ಇಲ್ಲ),
ಗೌರೀಶ

ತಾ.ಕ.: ತಮಗೆ ನೋವಾಗಬಾರದೆಂದು ಈ ಪತ್ರವನ್ನು ನಾಲ್ಕು ವಾರ ತಿದ್ದುತ್ತ ಕುಳಿತೆ. ಅಷ್ಟರಲ್ಲಿ ಮಗು ಯಾವ ಅರ್ಜಿಯನ್ನೂ ಹಾಕದೆ, ಹದಿನೆಂಟು ದಿನ ಮೊದಲೇ ತಮ್ಮ ದೇಶವನ್ನು ಪ್ರವೇಶಿಸಿಬಿಟ್ಟಿದೆ. ಹೆಣ್ಣು. ಅಳಿಯ ಓಂಕಾರ ಫೋನನ್ನು ಬಚ್ಚಲಿನ ಗೋಡೆಗೆ ಆನಿಸಿಟ್ಟು ಮಗುವಿಗೆ ನೀರೆರೆಯುತ್ತಾನೆ. ಅಳಿಯನೆದುರು ಎಂದೂ ದನಿ ಎತ್ತದಿದ್ದ ಅಕ್ಕ ಇಲ್ಲಿಂದ, "ಅಳಿಯಂದ್ರ, ಕುತ್ತಿಗಿ ಕೆಳಗ ಕೈ ಕೊಡ್ರೀ! ಕೂಸೈತಿ ಅದು, ಕುಂಬಳಕಾಯಿ ಅಲ್ಲ!" ಎಂದು ಕೂಗುತ್ತಾಳೆ. ಹೀಗೆ ದಿನವೂ ಅವಳ ದನಿ ವೀಸಾ ಇಲ್ಲದೆ ತಮ್ಮ ಗಡಿ ದಾಟುತ್ತಿರುವುದನ್ನು ಪ್ರಾಮಾಣಿಕವಾಗಿ ತಿಳಿಸುತ್ತಿದ್ದೇನೆ. ಸೂಕ್ತ ಕ್ರಮ ಕೈಗೊಳ್ಳಬಹುದು. ನೀರಿನ ಬಿಸಿ ನೋಡುವ ಅವಳ ಕೈ ಮಾತ್ರ, ತಮ್ಮ ಆದೇಶದಂತೆ, ಇಲ್ಲಿಯೇ ಇದೆ.