ಹಸಿರು ತೂತಿನ ಕುಂಕುಮ

ವಯಸ್ಸಾದವರಿಗೆ ಸಾವಿನ ಭಯ ಎಂದು ಜನ ಸುಮ್ಮನೆ ಹೇಳುತ್ತಾರೆ. ನನಗೆ ಆ ಭಯವಿಲ್ಲ, ಬಂದಾಗ ಬರಲಿ. ನನ್ನ ಭಯವೆಲ್ಲ ಅಡುಗೆಮನೆಯದು. ಮದುವೆಯಾದಾಗಿನಿಂದ ಒಲೆಯ ಮುಂದೆ ಬೆಂದು, ಸೊಸೆ ಲತಾ ಬಂದ ಮೇಲೆ ಸೌಟು ಅವಳಿಗೆ ಕೊಟ್ಟು, ಜಕ್ಕೂರಿನ ನಮ್ಮ ಮನೆಯ ಜಗುಲಿಯಲ್ಲಿ ಕಾಲು ಚಾಚಿ ಕೂತವಳು ನಾನು. ಆ ಸೌಟು ಮತ್ತೆ ನನ್ನ ಕೈಗೆ ಬಂದೀತೆಂದು ನೆನೆದರೇ ಎದೆ ಡವಡವ ಎನ್ನುತ್ತದೆ.

ಲತಾಳ ಕೆಲಸ ಮನೆಯಲ್ಲೇ. ಯಾವುದೋ ದೇಶದ ಡಾಕ್ಟರು ರೋಗಿಗಳ ವಿಷಯ ಮಾತಾಡಿ ಕಳಿಸುತ್ತಾರೆ. ಇವಳು ಹೆಡ್‌ಫೋನಿನಲ್ಲಿ ಕೇಳಿ ಟೈಪು ಮಾಡಿ ಕಳಿಸುತ್ತಾಳೆ. ಕಂಪ್ಯೂಟರು ಹಳೆಯದು, ನನ್ನ ಹಾಗೆ ಕೂತಲ್ಲೇ ಗೊರಗೊರ ಎನ್ನುತ್ತದೆ. ಮನೆಯಲ್ಲಿ ಆಗದಿದ್ದರೆ ಆಫೀಸಿಗೇ ಬನ್ನಿ ಎಂದು ಕಂಪನಿಯವರು ಮೊದಲೇ ಹೇಳಿದ್ದರು. ಆಫೀಸು ಗೊರಗುಂಟೆಪಾಳ್ಯದ ಆಚೆ. ಬೆಳಿಗ್ಗೆ ಬಸ್ಸು ಹತ್ತಿದರೆ ಕತ್ತಲಾದ ಮೇಲೇ ಮನೆ. ಆಮೇಲೆ ಅಡುಗೆಯೂ ನನಗೆ, ಅಟ್ಟಿಸಿಕೊಂಡು ಹೋದರೆ ಮಾತ್ರ ತುತ್ತು ನುಂಗುವ ಮೊಮ್ಮಗಳು ಚಿನ್ನಿಯೂ ನನಗೆ.

ಆಯುಧಪೂಜೆಗೆ ಎಲ್ಲದಕ್ಕೂ ಕುಂಕುಮ ಇಡುವವಳು ನಾನೇ. ಈಳಿಗೆಮಣೆ, ಮಗನ ಸ್ಕೂಟರು ಮುಗಿಸಿ ಕಂಪ್ಯೂಟರಿಗೆ ಬಂದೆ. ಅನ್ನ ಕೊಡುವ ಯಂತ್ರಕ್ಕೆ ಮುಂದೊಂದು ಬೊಟ್ಟು ಸಾಕೇ ಎಂದು ಹಿಂದಕ್ಕೂ ಬಗ್ಗಿದೆ. ಅಲ್ಲಿ ಬಣ್ಣಬಣ್ಣದ ತೂತುಗಳು. ಹಸಿರು ತೂತಿನಲ್ಲಿದ್ದ ಹೆಡ್‌ಫೋನಿನ ವೈರು ಕಿತ್ತು, ನೀರಲ್ಲಿ ಕಲಸಿದ ಕುಂಕುಮವನ್ನು ಒತ್ತಿ ಇಟ್ಟು, ವೈರನ್ನು ಮತ್ತೆ ತುರುಕಿದೆ. ಹಬ್ಬ ಮುಗಿಸಿ ಲತಾ ಕೆಲಸಕ್ಕೆ ಕೂತರೆ ಡಾಕ್ಟರಿಗೆ ಬಾಯೇ ಇಲ್ಲ.

"ಅತ್ತೆ, ಸೌಂಡೇ ಬರ್ತಿಲ್ಲ. ನೀವೇನಾದ್ರೂ ಮುಟ್ಟಿದ್ರಾ?"

"ಪೂಜೆ ಮಾಡ್ದೆ ಕಣೇ, ಅಷ್ಟೇ."

ಸುಳ್ಳೇನಲ್ಲ. ಆದರೂ ಕುಂಕುಮದ ಬಟ್ಟಲನ್ನು ಸೆರಗಿನಲ್ಲಿ ಮುಚ್ಚಿಕೊಂಡೆ. ಸಂಜೆ ಮಗ ಮಹೇಶ ಬಂದು ನೋಡಿದ. ಪರದೆಯ ಮೂಲೆಯ ಸ್ಪೀಕರ್ ಗುರುತಿನ ಮೇಲೆ ಕೆಂಪು ಕತ್ತರಿ ಗೀಟು. ಸೌಂಡ್ ಡ್ರೈವರ್ ಹೋಗಿದೆ ಎಂದ. ಕಂಪ್ಯೂಟರಿಗೆ ಮಾತಾಡುವುದನ್ನು ಹೇಳಿಕೊಡುವ ಪಾಠವಂತೆ ಅದು. ಅದನ್ನು ತೆಗೆದ, ಮತ್ತೆ ಹಾಕಿದ, ಆಫ್ ಮಾಡಿ ಆನ್ ಮಾಡಿದ. ಗೀಟು ಹೋಗಲಿಲ್ಲ. ಅವನು ಪೆಟ್ಟಿಗೆಯ ಹಿಂದಕ್ಕೆ ಕೈ ಹಾಕಿದಾಗಲೆಲ್ಲ ಬಾಗಿಲ ಮರೆಯಲ್ಲಿ ನಾನು ದೇವರಿಗೆ ಹರಕೆ ಹೊರುತ್ತಿದ್ದೆ. ಅಲ್ಲಿ ನಿಲ್ಲಲಾರದೆ ಅಡುಗೆಮನೆಗೆ ಹೋದೆ. ನೀನು ಅದನ್ನು ನೋಡಿಕೋ, ಒಲೆ ನಾನು ನೋಡುತ್ತೇನೆ ಎಂದು ಲತಾಳನ್ನು ಆಚೆ ಕಳಿಸಿದೆ. ಸಾರು ಕುದಿಸಿದೆ, ಚಿನ್ನಿಗೆ ಉಣ್ಣಿಸಿದೆ, ಮಲಗಿಸಿದೆ. ಮಾರನೆಯ ದಿನವೂ ಅದೇ. ಭಯದಲ್ಲಿ ಮಾಡಿದ ಸಾರು ಇಷ್ಟು ರುಚಿಯಾಗುತ್ತದೆಂದು ನನಗೆ ಗೊತ್ತೇ ಇರಲಿಲ್ಲ.

ಆವತ್ತು ಮಧ್ಯಾಹ್ನ ಆರ್.ಟಿ. ನಗರದಿಂದ ರಿಪೇರಿಯವನು ಬಂದ. ಬೇರೆ ಡ್ರೈವರ್ ಹಾಕಿದ, ಯಂತ್ರವನ್ನು ಬೈದ, ಕೊನೆಗೆ ಟಾರ್ಚು ಹಿಡಿದು ಹಿಂದಕ್ಕೆ ಬಗ್ಗಿದ. ಪಿನ್ನಿನಿಂದ ಹಸಿರು ತೂತು ಕೆರೆದ. ಕೆಂಪು ಪುಡಿ ಉದುರಿತು.

"ಹಳೇ ಮೆಷಿನ್ನು ಅಲ್ವಾ ಮೇಡಂ, ತುಕ್ಕು ಹಿಡ್ದಿದೆ. ಇನ್ಮೇಲೆ ಮುಂದ್ಗಡೆ ಇರೋ ತೂತಿಗೆ ಹಾಕ್ಕೊಳಿ," ಎಂದ. ವೈರನ್ನು ಮುಂದಕ್ಕೆ ಚುಚ್ಚಿ ಏನೋ ಒತ್ತಿದ. ಡಾಕ್ಟರು ಮಾತಾಡಿದರು. ತಿದ್ದುವುದಕ್ಕೆ ನಾನೇನು ಮೇಷ್ಟ್ರೇ? ಓದಿದವನು ಹೇಳಿದ ಮೇಲೆ ತುಕ್ಕೇ.

ರಾತ್ರಿ ಊಟಕ್ಕೆ ಕೂತಾಗ ಲತಾ ಗಂಡನಿಗೆ ಹೇಳಿದಳು: "ಈ ಡಬ್ಬ ನಂಬ್ಕೊಂಡು ಇನ್ನಾಗಲ್ಲ ರೀ. ಸೋಮವಾರದಿಂದ ಆಫೀಸಿಗೇ ಹೋಗ್ತೀನಿ. ಅತ್ತೆ ಇರೋವಾಗ ಯೋಚನೆ ಏನು? ನೋಡಿದ್ರಲ್ಲ, ಚಿನ್ನಿ ಅವರ ಕೈಲಿ ಎಷ್ಟು ಚೆನ್ನಾಗಿ ತಿಂತಾಳೆ."

ನನ್ನ ಸೊಂಟನೋವಿನ ವಿಷಯ ತೆಗೆಯೋಣವೆಂದುಕೊಂಡೆ. ಅಷ್ಟರಲ್ಲಿ ಮಹೇಶ ಇನ್ನೊಂದು ಸೌಟು ಸಾರು ಕೇಳಿದ.

ಕಂಪ್ಯೂಟರಿನಲ್ಲಿ ಈಗ ಧ್ವನಿ ಗಂಟೆ ಬಾರಿಸಿದಂತೆ ಬರುತ್ತದಂತೆ. ಕೇಳುವುದಕ್ಕೆ ಹಗಲು ಮನೆಯಲ್ಲಿ ಯಾರೂ ಇಲ್ಲ. ನಾನು ತಟ್ಟೆ ಹಿಡಿದು ಚಿನ್ನಿಯ ಹಿಂದೆ ಬೀದಿಯಲ್ಲಿರುತ್ತೇನೆ.